ತಂದೆ ಕಲಿಸಿದ ಮಿತವ್ಯಯ

ದುಡಿದು ಸಂಪಾದಿಸುವವರು ಲೋಕದಲ್ಲಿ ಅನೇಕರಿದ್ದಾರೆ. ಸಂಪಾದಿಸಿದುದನ್ನು ಹಿತಮಿತವಾಗಿ ವೆಚ್ಚ ಮಾಡಿ ಉಳಿಸಬಲ್ಲವರು ಕೆಲವರು. ಉಳಿಸಿದ ಹಣದಿಂದ ತಮ್ಮ ಕಾಲಕ್ಕೆ ತಾವೇ ಒಡೆಯರಾಗಿ, ಆ ಕಾಲವನ್ನು ಲೋಕಹಿತಕ್ಕೆ ಧಾರೆಯೆರೆದವರಂತೂ ವಿರಳ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಈ ವಿರಳರ ಪಂಕ್ತಿಗೆ ಸೇರಿದವನು. ಮುದ್ರಕನಾಗಿ, ವಿಜ್ಞಾನಿಯಾಗಿ, ರಾಜನೀತಿಜ್ಞನಾಗಿ ಕೀರ್ತಿ ಪಡೆದ ಈತನ ಬಾಳಿಗೆ ತಳಹದಿಯಾದುದು ಸಾಮಾನ್ಯ ಕಸುಬುದಾರನಾದ ತಂದೆ ಕಲಿಸಿದ ಹಣಕಾಸಿನ ಶಿಸ್ತು.

ಫ್ರಾಂಕ್ಲಿನ್ 1706ನೆಯ ಜನವರಿ 17ರಂದು ಬಾಸ್ಟನ್ ನಗರದಲ್ಲಿ ಜನಿಸಿದನು. ಆಗ ಅದು ಬ್ರಿಟಿಷರ ವಸಾಹತಿಗೆ ಸೇರಿದ ಊರು. ತಂದೆ ಜೊಸಾಯ ಇಂಗ್ಲೆಂಡಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಸುಬಿನವನಾಗಿದ್ದನು. ಹೊಸ ನಾಡಿನಲ್ಲಿ ಆ ಕಸುಬಿಗೆ ಬೇಡಿಕೆಯಿಲ್ಲದುದನ್ನು ಕಂಡು, ಪ್ರಾಣಿಗಳ ಕೊಬ್ಬಿನಿಂದ ದೀಪದ ಬತ್ತಿಗಳನ್ನೂ ಸಾಬೂನನ್ನೂ ತಯಾರಿಸುವ ವೃತ್ತಿಯನ್ನು ಹಿಡಿದನು. ಅವನಿಗೆ 17 ಮಂದಿ ಮಕ್ಕಳು. ಗಂಡುಮಕ್ಕಳಲ್ಲಿ ಬೆಂಜಮಿನನೇ ಕಡೆಯವನು. ಇಷ್ಟು ದೊಡ್ಡ ಸಂಸಾರವನ್ನು ಜೊಸಾಯ ದುಡಿಮೆ ಮತ್ತು ಮಿತವ್ಯಯಗಳ ಬಲದಿಂದಲೇ ಸಾಕಿದನು. ಊಟದ ವೇಳೆಯಲ್ಲಿ ಅವನು ಪ್ರಯೋಜನಕರವಾದ ವಿಷಯಗಳನ್ನೇ ಮಾತಿಗೆ ಎತ್ತಿಕೊಳ್ಳುತ್ತಿದ್ದನು. ಬಡಿಸಿದ ಪದಾರ್ಥ ರುಚಿಯಾಗಿದೆಯೇ ಇಲ್ಲವೇ ಎಂಬ ಚರ್ಚೆಗೆ ಆ ಮನೆಯಲ್ಲಿ ಎಡೆಯೇ ಇರಲಿಲ್ಲ. ನಾಲಗೆಯ ಚಪಲಕ್ಕೆ ವಶನಾಗದ ಗುಣ ಬಾಲಕನಿಗೆ ಹೀಗೆ ಅರಿವಿಲ್ಲದೆಯೇ ಬಂದಿತು.

ಏಳು ವರ್ಷದ ಬೆಂಜಮಿನನಿಗೆ ಒಂದು ಹಬ್ಬದ ದಿನ ಬಂಧುಮಿತ್ರರು ಕಿಸೆ ತುಂಬ ಬಿಡಿಕಾಸು ಕೊಟ್ಟರು. ದಾರಿಯಲ್ಲಿ ಒಬ್ಬ ಹುಡುಗನ ಕೈಯಲ್ಲಿದ್ದ ಪೀಪಿಯ ದನಿಗೆ ಮನಸೋತು, ತನ್ನಲ್ಲಿದ್ದ ಹಣವನ್ನೆಲ್ಲ ಕೊಟ್ಟು ಅದನ್ನು ಕೊಂಡುಕೊಂಡನು. ನಿಜವಾದ ಬೆಲೆಯ ನಾಲ್ಕರಷ್ಟನ್ನು ತೆತ್ತು ಬಂದಿರುವನೆಂದು ಮನೆಯವರು ನಕ್ಕಾಗ ಪೀಪಿಯ ಸುಖವೆಲ್ಲ ಅಳುವಿನಲ್ಲಿ ಕರಗಿಹೋಯಿತು. ಮುಂದೆ ಅನಾವಶ್ಯಕವಾದ ವಸ್ತುವಿಗೆ ಕೈ ಚಾಚುವಾಗಲೆಲ್ಲ ಅವನಿಗೆ ಈ ಪ್ರಸಂಗ ನೆನಪಾಗುತ್ತಿತ್ತು.

ಇನ್ನೊಮ್ಮೆ ಅವನು ಗೆಳೆಯರೊಡನೆ ಸೇರಿ, ಹೊಸ ಮನೆ ಕಟ್ಟಲು ತಂದಿರಿಸಿದ್ದ ಕಲ್ಲುಗಳನ್ನು ಕದ್ದು, ಮೀನು ಹಿಡಿಯುವುದಕ್ಕಾಗಿ ನೀರಿನಂಚಿನಲ್ಲಿ ಕಟ್ಟೆ ಕಟ್ಟಿದನು. ಕೆಲಸ ಉಪಯುಕ್ತವಾದುದೆಂದು ಬಾಲಕ ವಾದಿಸಿದರೂ ಪ್ರಾಮಾಣಿಕವಲ್ಲದುದು ಎಂದಿಗೂ ಉಪಯುಕ್ತವಾಗದೆಂದು ತಂದೆ ಮನಗಾಣಿಸಿದನು.

ಬೆಂಜಮಿನನಿಗೆ ದೊರೆತ ಶಾಲಾಶಿಕ್ಷಣ ಎರಡು ವರ್ಷಗಳಿಗೂ ಕಡಿಮೆ. ಲೆಕ್ಕದಲ್ಲಂತೂ ಅವನು ಹಿಂದೆ ಬಿದ್ದನು. ಹತ್ತನೆಯ ವಯಸ್ಸಿಗೆ ತಂದೆಯ ಅಂಗಡಿಗೆ ಸೇರಿದ ಅವನಿಗೆ ಆ ಕೆಲಸ ಹಿಡಿಸಲಿಲ್ಲ. ತಂದೆ ಬಲವಂತ ಮಾಡದೆ ಮಗನನ್ನು ಬಡಗಿ, ಕಂಚುಗಾರ ಮೊದಲಾದವರ ಕೆಲಸದ ತಾಣಗಳಿಗೆ ಕರೆದೊಯ್ದು ತೋರಿಸಿ, ಕೊನೆಗೆ ಅವನ ಓದಿನ ಆಸೆಯನ್ನು ಗಮನಿಸಿ ಅಣ್ಣ ಜೇಮ್ಸನ ಮುದ್ರಣಾಲಯಕ್ಕೆ ಕೆಲಸ ಕಲಿಯಲು ಸೇರಿಸಿದನು. ಅಲ್ಲಿ ಬೆಂಜಮಿನನು ಹದಿನಾರನೆಯ ವಯಸ್ಸಿನಲ್ಲಿ ಮಾಂಸಾಹಾರವನ್ನು ತೊರೆದು, ತನ್ನ ಊಟಕ್ಕೆ ತಗಲುತ್ತಿದ್ದ ವೆಚ್ಚದ ಅರ್ಧವನ್ನು ತನ್ನ ಕೈಗೇ ಕೊಡುವಂತೆ ಅಣ್ಣನನ್ನು ಕೇಳಿಕೊಂಡನು. ಆ ಹಣದಲ್ಲಿಯೂ ಅರ್ಧವನ್ನು ಉಳಿಸಿ ಪುಸ್ತಕಗಳನ್ನು ಕೊಂಡನು. ಇತರರು ಊಟಕ್ಕೆ ಹೋದ ಹೊತ್ತಿನಲ್ಲಿ ಒಂದು ತುಂಡು ರೊಟ್ಟಿ ತಿಂದು ನೀರು ಕುಡಿದು ಓದುತ್ತ ಕುಳಿತನು. ಶಾಲೆಯಲ್ಲಿ ಒಲಿಯದ ಗಣಿತವನ್ನು ಆಗ ತಾನಾಗಿಯೇ ಕಲಿತನು.

ಅಣ್ಣನೊಡನೆ ವಿರಸವುಂಟಾಗಿ 1723ರಲ್ಲಿ ಅವನು ಊರು ಬಿಟ್ಟು ಫಿಲಡೆಲ್ಫಿಯ ನಗರವನ್ನು ಸೇರಿದನು. ಆಗ ಅವನ ಬಳಿಯಿದ್ದುದು ಒಂದು ಡಚ್ ಡಾಲರು ಮತ್ತು ಸುಮಾರು ಒಂದು ಷಿಲಿಂಗಿನಷ್ಟು ತಾಮ್ರದ ಕಾಸು. ಅಲ್ಲಿನ ಒಂದು ಮುದ್ರಣಾಲಯದಲ್ಲಿ ಕೆಲಸ ದೊರೆಯಿತು. ಈ ಚುರುಕಾದ ತರುಣನನ್ನು ಮೆಚ್ಚಿದ ಪ್ರಾಂತಾಧಿಕಾರಿ ವಿಲಿಯಂ ಕೀತನು ಅವನು ಸ್ವಂತ ಮುದ್ರಣಾಲಯ ತೆರೆಯಬೇಕೆಂದು ಹುರಿದುಂಬಿಸಿ, ಬಂಡವಾಳಕ್ಕಾಗಿ ತಂದೆಗೆ ಪತ್ರ ಬರೆದುಕೊಟ್ಟನು. 1724ರಲ್ಲಿ ಬೆಂಜಮಿನನು ಹೊಸ ಉಡುಪು ಧರಿಸಿ, ಗಡಿಯಾರವನ್ನೂ ಕಿಸೆಯ ಬೆಳ್ಳಿಯ ನಾಣ್ಯಗಳನ್ನೂ ಅಣ್ಣನ ಕೆಲಸಗಾರರೆದುರು ಮೆರೆಸುತ್ತ ಬಾಸ್ಟನ್ನಿಗೆ ಬಂದನು.

ಜೊಸಾಯ ಪತ್ರವನ್ನು ಓದಿ ಕೆಲವು ದಿನ ಆಲೋಚಿಸಿದನು. ಮಗನ ಏಳಿಗೆಯಿಂದ ಅವನಿಗೆ ಸಂತೋಷವಾಗದೆ ಇರಲಿಲ್ಲ. ಆದರೂ ಹದಿನೆಂಟು ವರ್ಷದ ತರುಣನ ಕೈಗೆ ಅಷ್ಟು ದೊಡ್ಡ ಮೊತ್ತವನ್ನೂ ಹೊಣೆಯನ್ನೂ ಒಪ್ಪಿಸುವುದು ವಿವೇಕವಲ್ಲವೆಂದು ತಿಳಿದು, ಹಣ ಕೊಡಲು ನಿರಾಕರಿಸಿದನು. ಎಡೆಬಿಡದೆ ದುಡಿದು, ಹಿಡಿತದಿಂದ ವೆಚ್ಚ ಮಾಡಿದರೆ ಇಪ್ಪತ್ತೊಂದನೆಯ ವಯಸ್ಸಿನ ಹೊತ್ತಿಗೆ ಬೇಕಾದ ಹಣವನ್ನು ಅವನೇ ಕೂಡಿಸಬಹುದೆಂದೂ, ಗುರಿಯ ಸಮೀಪಕ್ಕೆ ಬಂದಾಗ ಕೊರತೆ ಬಿದ್ದುದನ್ನು ತಾನು ತುಂಬಿಕೊಡುವೆನೆಂದೂ ತಿಳಿಸಿದನು.

ಮಗನಿಗೆ ನಿರಾಶೆಯಾಯಿತು. ಆದರೆ ತಂದೆಯ ನಿರ್ಣಯ ಎಷ್ಟು ಸರಿಯಾದುದೆಂಬುದು ಬೇಗನೆಯೇ ಗೊತ್ತಾಯಿತು. ಹಿಂದಿರುಗುವ ದಾರಿಯಲ್ಲಿ ವೆರ್ನನ್ ಎಂಬವನು ತನಗೆ ಬರಬೇಕಾಗಿದ್ದ 35 ಪೌಂಡುಗಳನ್ನು ವಸೂಲು ಮಾಡಿ ಇಟ್ಟುಕೊಂಡಿರುವಂತೆ ಬೆಂಜಮಿನನಿಗೆ ಒಪ್ಪಿಸಿದ್ದನು. ಕುಡಿತಕ್ಕೆ ಬಲಿಯಾದ ಗೆಳೆಯನೊಬ್ಬ ಅಂಗಲಾಚಿದಾಗಲೆಲ್ಲ ಬೆಂಜಮಿನನು ಆ ಹಣದಿಂದಲೇ ಸಾಲ ಕೊಟ್ಟನು. ಗೆಳೆಯ ಸಾಲ ತೀರಿಸದೆ ಬೇರೆ ನಾಡಿಗೆ ಹೊರಟುಹೋದನು. ಪರರ ಹಣ ಯಾವ ಗಳಿಗೆಯಲ್ಲಿ ಕೇಳಿಬರುವುದೋ ಎಂಬ ಭಯ ಬೆಂಜಮಿನನನ್ನು ವರ್ಷಗಟ್ಟಲೆ ಕಾಡಿತು.

ಇತ್ತ ಕೀತನು ತಾನೇ ಬಂಡವಾಳ ಒದಗಿಸುವೆನೆಂದು ಮಾತುಕೊಟ್ಟು ಅವನನ್ನು ಲಂಡನ್ನಿಗೆ ಕಳುಹಿಸಿದನು. ಹಡಗು ತಲಪಿದ ಮೇಲೆ ನೋಡಿದರೆ ಕೀತನ ಭರವಸೆ ಪತ್ರಗಳಾವುವೂ ಇರಲಿಲ್ಲ. ಉದಾರವಾಗಿ ಮಾತುಕೊಟ್ಟ ಅಧಿಕಾರಿ ಅವನನ್ನು ನಡುನೀರಿನಲ್ಲಿ ಕೈಬಿಟ್ಟಿದ್ದನು. ನಿಷ್ಠುರವಾಗಿ ತೋರಿದ ತಂದೆಯ ಮಾತೇ ಈಗ ಅವನಿಗೆ ಆಸರೆಯಾಯಿತು. ಲಂಡನ್ನಿನ ಮುದ್ರಣಾಲಯದಲ್ಲಿ ಜೊತೆಯ ಕೆಲಸಗಾರರು ವಾರದ ಕೂಲಿಯಲ್ಲಿ ನಾಲ್ಕೈದು ಷಿಲಿಂಗುಗಳನ್ನು ಬೀರ್ ಕುಡಿತಕ್ಕೆ ಸುರಿಯುತ್ತಿದ್ದರು. ಫ್ರಾಂಕ್ಲಿನ್ ನೀರನ್ನೇ ಕುಡಿದು, ಉಳಿದವರು ಎರಡು ಕೈಯಿಂದ ಒಂದನ್ನು ಹೊರುತ್ತಿದ್ದ ಅಚ್ಚುಮೊಳೆಗಳ ಭಾರವಾದ ಚೌಕಟ್ಟನ್ನು ಕೈಗೊಂದರಂತೆ ಎರಡು ಹೊತ್ತು ಮೆಟ್ಟಿಲೇರುತ್ತಿದ್ದನು.

1726ರಲ್ಲಿ ಫಿಲಡೆಲ್ಫಿಯಕ್ಕೆ ಮರಳಿದ ಅವನು ಎರಡು ವರ್ಷಗಳ ತರುವಾಯ ಪಾಲುದಾರನೊಬ್ಬನೊಡನೆ ಮುದ್ರಣಾಲಯವನ್ನು ಸ್ಥಾಪಿಸಿದನು. ಪಾಲುದಾರನ ತಂದೆ ಕೊಡಬೇಕಾಗಿದ್ದ ಹಣದಲ್ಲಿ ಅರ್ಧವನ್ನು ಕೊಡಲಾರದೆ ಹೋದುದರಿಂದ ಸಾಲಗಾರರು ನ್ಯಾಯಾಲಯಕ್ಕೆ ಹೋದರು. ಎಲ್ಲವೂ ಹರಾಜಾಗುವ ಸ್ಥಿತಿ ಒದಗಿತು. ಆಗ ಇಬ್ಬರು ಸ್ನೇಹಿತರು ಒಬ್ಬರಿಗೊಬ್ಬರು ತಿಳಿಯದಂತೆ ಬಂದು, ಕೇಳುವ ಮೊದಲೇ ಸಾಲ ಕೊಡಲು ಮುಂದಾದರು. ಫ್ರಾಂಕ್ಲಿನ್ನನ ದುಡಿಮೆ ಮತ್ತು ನಡತೆಗಳೇ ಅವರಿಗೆ ಜಾಮೀನಾಗಿದ್ದುವು. ಅವನು ಇಬ್ಬರಿಂದಲೂ ಅರ್ಧರ್ಧ ಹಣ ಪಡೆದು, ಮುದ್ರಣಾಲಯವನ್ನು ತಾನೊಬ್ಬನೇ ವಹಿಸಿಕೊಂಡನು.

ಅಂದಿನಿಂದ ಅವನ ಬಾಳು ಒಂದು ವ್ರತದಂತೆ ಸಾಗಿತು. ಸಾದಾ ಉಡುಪು ಧರಿಸಿ, ಕೊಂಡ ಕಾಗದವನ್ನು ಕೈಗಾಡಿಯಲ್ಲಿ ತಾನೇ ನೂಕಿಕೊಂಡು ಬೀದಿಯಲ್ಲಿ ಬರುತ್ತಿದ್ದನು. 1730ರಲ್ಲಿ ಕೈಹಿಡಿದ ಪತ್ನಿ ಡೆಬೊರಾ ಹಾಳೆ ಮಡಿಸಿ ಹೊಲಿಯುತ್ತ, ಅಂಗಡಿ ನೋಡಿಕೊಳ್ಳುತ್ತ, ಕಾಗದ ತಯಾರಿಸುವವರಿಗಾಗಿ ಚಿಂದಿಬಟ್ಟೆ ಕೊಳ್ಳುತ್ತ ನೆರವಾದಳು. ಬೆಳಗಿನ ಆಹಾರ ರೊಟ್ಟಿ ಮತ್ತು ಹಾಲು; ಅದೂ ಮಣ್ಣಿನ ಬಟ್ಟಲಿನಲ್ಲಿ. ಹನಿಗೂಡಿ ಹಳ್ಳವಾದಂತೆ ಹಣ ಕೂಡಿತು. ಸ್ನೇಹಿತರ ಸಾಲ ತೀರಿತು. ವೆರ್ನನನ ಹಣವೂ ಬಡ್ಡಿಸಹಿತ ಸಂದಾಯವಾಯಿತು. 1732ರಿಂದ ಅವನು ಪ್ರಕಟಿಸಿದ ‘ಬಡ ರಿಚರ್ಡನ ಪಂಚಾಂಗ’ವು ದುಡಿಮೆ, ಮಿತವ್ಯಯಗಳನ್ನು ಬೋಧಿಸುವ ನುಡಿಗಳಿಂದ ಕೂಡಿದ್ದು, ವರ್ಷಕ್ಕೆ ಸುಮಾರು 10,000 ಪ್ರತಿಗಳಷ್ಟು ಮಾರಾಟವಾಗುತ್ತಿತ್ತು.

1748ರಲ್ಲಿ, ಕೇವಲ 42ನೆಯ ವಯಸ್ಸಿನಲ್ಲಿ, ಫ್ರಾಂಕ್ಲಿನ್ ವ್ಯಾಪಾರದಿಂದ ನಿವೃತ್ತನಾದನು. ಮುದ್ರಣಾಲಯದ ಆಡಳಿತವನ್ನು ಡೇವಿಡ್ ಹಾಲ್ ಎಂಬ ನಂಬಿಕೆಯ ಸಹಾಯಕನಿಗೆ ವಹಿಸಿ, ಹದಿನೆಂಟು ವರ್ಷಗಳ ಕಾಲ ಲಾಭದ ಪಾಲು ತನಗೆ ಬರುವಂತೆ ಒಪ್ಪಂದ ಮಾಡಿಕೊಂಡನು. ಇನ್ನಷ್ಟು ಧನ ಕೂಡಿಸುವ ಅವಕಾಶ ಅವನಿಗಿತ್ತು. ಅವನಿಗೆ ಬೇಕಾಗಿದ್ದುದು ಬಿಡುವು. ಆ ಬಿಡುವಿನ ಫಲವಾಗಿಯೇ ಮಿಂಚು ವಿದ್ಯುತ್ತೇ ಎಂಬುದು ಸಿದ್ಧವಾಯಿತು. ಕಟ್ಟಡಗಳನ್ನು ಸಿಡಿಲಿನಿಂದ ಕಾಯುವ ಲೋಹದ ಸಲಾಕೆ ಬಳಕೆಗೆ ಬಂದಿತು. ತಾನು ರೂಪಿಸಿದ ಒಲೆಗೆ ಅವನು ಏಕಸ್ವಾಮ್ಯದ ಹಕ್ಕನ್ನು ಬೇಡವೆಂದಿದ್ದನು. 1776ರ ಸ್ವಾತಂತ್ರ್ಯ ಘೋಷಣೆಗೂ 1787ರ ಸಂವಿಧಾನಕ್ಕೂ ಸಹಿ ಹಾಕಿದವರಲ್ಲಿ ಅವನೊಬ್ಬನು.

ಈ ಬಾಳಿನಲ್ಲಿ ಕಳಂಕವಿರಲಿಲ್ಲವೆಂದಲ್ಲ. ಅವನ ಮನೆಯಲ್ಲಿ ಗುಲಾಮರಿದ್ದರು. ಅವನ ಪತ್ರಿಕೆ ಗುಲಾಮರ ಮಾರಾಟದ ಜಾಹೀರಾತುಗಳಿಂದಲೂ ಹಣ ಗಳಿಸಿತು. ಅನ್ಯರ ಸ್ವಾತಂತ್ರ್ಯವನ್ನು ಕಸಿದ ಹಣ ಪ್ರಾಮಾಣಿಕವಾದುದಲ್ಲವೆಂಬುದನ್ನು ಅವನು ತಡವಾಗಿ ಅರಿತನು. ಮುಪ್ಪಿನಲ್ಲಿ ಗುಲಾಮಗಿರಿಯ ವಿರೋಧಿ ಸಂಘದ ಅಧ್ಯಕ್ಷನಾಗಿ, 1790ರಲ್ಲಿ ಆ ಪದ್ಧತಿಯ ನಿವಾರಣೆಗಾಗಿ ರಾಷ್ಟ್ರದ ಶಾಸನಸಭೆಗೆ ಮನವಿ ಸಲ್ಲಿಸಿದನು. ಅದೇ ವರ್ಷ ಏಪ್ರಿಲ್ 17ರಂದು, 84ನೆಯ ವಯಸ್ಸಿನಲ್ಲಿ, ನಿಧನನಾದನು.

ತನ್ನ ಮರಣಶಾಸನದಲ್ಲಿ ಅವನು ಬಾಸ್ಟನ್ ಮತ್ತು ಫಿಲಡೆಲ್ಫಿಯ ನಗರಗಳಿಗೆ ತಲಾ 1,000 ಪೌಂಡುಗಳನ್ನು ಬಿಟ್ಟಿದ್ದನು. ಕಸುಬು ಕಲಿತು ಮುಗಿಸಿದ, 25 ವರ್ಷದೊಳಗಿನ ವಿವಾಹಿತ ಯುವಕರಿಗೆ, ನಡತೆಗೆ ಜಾಮೀನು ಪಡೆದು, ಶೇಕಡ 5ರ ಬಡ್ಡಿಗೆ ಸಾಲ ಕೊಡಬೇಕೆಂಬುದು ಅದರ ನಿಬಂಧನೆ. ಇಬ್ಬರು ಸ್ನೇಹಿತರಿಂದ ತನಗೆ ದೊರೆತ ನೆರವನ್ನು ಅವನು ಮರೆತಿರಲಿಲ್ಲ. ಇನ್ನೂರು ವರ್ಷಗಳ ಅವಧಿ 1990ರಲ್ಲಿ ಮುಗಿದಾಗ ಎರಡು ನಿಧಿಗಳೂ ಬೆಳೆದು ಲಕ್ಷಾಂತರ ಡಾಲರುಗಳಾಗಿದ್ದುವು.

ಫ್ರಾಂಕ್ಲಿನ್ ಬಾಸ್ಟನ್ನಿನಲ್ಲಿ ತಂದೆತಾಯಿಗಳ ಸಮಾಧಿಯ ಮೇಲೆ ಅಮೃತಶಿಲೆಯೊಂದನ್ನು ನಿಲ್ಲಿಸಿದ್ದನು. ಆಸ್ತಿಯಾಗಲಿ ಲಾಭದಾಯಕವಾದ ಹುದ್ದೆಯಾಗಲಿ ಇಲ್ಲದೆ, ಸತತವಾದ ದುಡಿಮೆಯಿಂದಲೇ ದೊಡ್ಡ ಸಂಸಾರವನ್ನು ನೆಮ್ಮದಿಯಿಂದ ಸಾಕಿದವರೆಂದು ಅದರಲ್ಲಿ ಕೆತ್ತಿಸಿದನು. ತಂದೆ ಮಗನಿಗೆ ಹೊಲಮನೆಗಳನ್ನು ಬಿಟ್ಟುಹೋಗಲಿಲ್ಲ; ಯಾರ ಹಂಗಿಗೂ ಒಳಗಾಗದೆ ಬಾಳುವ ಬಗೆಯನ್ನು ಕಲಿಸಿ ಹೋದನು. ಆ ಪಿತ್ರಾರ್ಜಿತದ ಫಲವನ್ನು ಎರಡು ನಗರಗಳು ಎರಡು ಶತಮಾನಗಳ ಕಾಲ ಉಂಡವು.