ವಿದ್ಯಾಲಯ ನಿರ್ಮಾಪಕ ಬುಕರ್ ವಾಷಿಂಗ್ಟನ್

ಊರು ಬೆಳೆದು, ಅಲ್ಲಿಯ ಮಕ್ಕಳಿಗೆ ಕೆಳಗಿನ ಶಾಲೆಯ ಪಾಠವು ಸಾಲದೆ ಹೋದಾಗ, ಪ್ರೌಢಶಾಲೆಯೊಂದು ಬೇಕೆಂದು ಮಹಾಜನರು ಸಭೆ ಸೇರುವುದು ಸಹಜವಾಗಿದೆ. ಆ ಸಭೆಗಳಲ್ಲಿ ಸರ್ಕಾರದ ಸಹಾಯಧನವೆಷ್ಟು, ಶಿಲಾನ್ಯಾಸಕ್ಕೆ ಯಾರನ್ನು ಬರಮಾಡಿಕೊಳ್ಳಬೇಕು ಎಂಬ ಪ್ರಶ್ನೆಗಳು ಮೊದಲು ಏಳುತ್ತವೆ. ತಾವು ಏನನ್ನು ಕೊಡಬಲ್ಲೆವೆಂಬ ಪ್ರಶ್ನೆಯು ಕಟ್ಟಕಡೆಗೆ ಬರುತ್ತದೆ, ಕೆಲವೆಡೆ ಬಾರದೆಯೂ ಹೋಗುತ್ತದೆ. ಇಂಥ ಸಭೆಗಳಲ್ಲಿ ಕುಳಿತೆದ್ದು ಬರುವ ನಮ್ಮ ವಾಚಕರ ಮುಂದೆ ಅಮೆರಿಕಾ ಸಂಯುಕ್ತ ಸಂಸ್ಥಾನದ ಬುಕರ್ ಟಿ. ವಾಷಿಂಗ್ಟನ್ನರ ಚರಿತ್ರೆಯನ್ನು ಸಂಕ್ಷೇಪವಾಗಿ ಇಡಬಯಸುತ್ತೇವೆ.

ವಾಷಿಂಗ್ಟನ್ನರು 1856ರಲ್ಲಿ ವರ್ಜೀನಿಯಾ ಪ್ರಾಂತದ ಒಂದು ತೋಟದ ಮನೆಯಲ್ಲಿ ಗುಲಾಮ ಸ್ತ್ರೀಯ ಮಗನಾಗಿ ಹುಟ್ಟಿದರು. 1865ರಲ್ಲಿ ಅಂತರ್ಯುದ್ಧವು ಮುಗಿದು ಕರಿಯ ಜನರಿಗೆ ಬಿಡುಗಡೆಯಾದ ಮೇಲೆ, ಆ ಕುಟುಂಬವು ಪಶ್ಚಿಮ ವರ್ಜೀನಿಯಾದ ಮಾಲ್ಡನ್ ಎಂಬ ಊರಿಗೆ ಹೋಗಿ ನೆಲೆಸಿತು. ಬಾಲಕನು ಅಲ್ಲಿ ಉಪ್ಪಿನ ಒಲೆಗಳ ಮುಂದೆಯೂ ಕಲ್ಲಿದ್ದಲಿನ ಗಣಿಯೊಳಗೂ ದುಡಿದು, ಬಿಡುವು ಸಿಕ್ಕಿದಷ್ಟರಲ್ಲಿ ಅಕ್ಷರ ಕಲಿತನು. 1872ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಸುಮಾರು 500 ಮೈಲಿ ದೂರದ ಹ್ಯಾಂಪ್ಟನ್ ವಿದ್ಯಾಲಯಕ್ಕೆ ಹೊರಟು, ಹಾದಿಯಲ್ಲಿ ಹಣ ತೀರಿದಾಗ ರಿಚ್ಮಂಡ್ ನಗರದ ಹಲಗೆಯ ಕಾಲುದಾರಿಯ ಕೆಳಗೆ ಮಲಗಿ, ಹಗಲು ಹಡಗಿನಿಂದ ಸರಕು ಇಳಿಸಿ, ಅಂತೂ ಸೇರಬೇಕಾದಲ್ಲಿಗೆ ಸೇರಿದನು. ಅಲ್ಲಿಯ ಅಧ್ಯಾಪಕಿಯು ಒಂದು ಕೊಠಡಿಯನ್ನು ಗುಡಿಸಲು ಹೇಳಿದಳು. ಹುಡುಗನು ಮೂರು ಸಲ ಗುಡಿಸಿ ನಾಲ್ಕು ಸಲ ಧೂಳು ಒರೆಸಿದನು. ಅದೇ ಅವನ ಪ್ರವೇಶ ಪರೀಕ್ಷೆಯಾಯಿತು.

ಇತ್ತ ಅಲಬಾಮಾ ಪ್ರಾಂತದ ಟಸ್ಕೀಗೀ ಎಂಬ ಊರಿನಲ್ಲಿ, ಹಿಂದೆ ಗುಲಾಮನಾಗಿದ್ದು ತಗಡಿನ ಕೆಲಸದಿಂದ ಜೀವಿಸುತ್ತಿದ್ದ ಲೂಯಿಸ್ ಆಡಮ್ಸ್ ಎಂಬಾತನು ತನ್ನ ಜನರಿಗೊಂದು ವಿದ್ಯಾಲಯ ಬೇಕೆಂದು ಪ್ರಯತ್ನಿಸುತ್ತಿದ್ದನು. ಬಿಳಿಯ ವರ್ತಕರಾದ ಜಾರ್ಜ್ ಕ್ಯಾಂಬೆಲ್ಲರು ಅವನ ಕೂಡ ನಿಂತರು. ಪ್ರಾಂತದ ಶಾಸನಸಭೆಯು ಉಪಾಧ್ಯಾಯರ ವೇತನಕ್ಕಾಗಿ ವರ್ಷಕ್ಕೆ 2000 ಡಾಲರುಗಳನ್ನು ಮಂಜೂರು ಮಾಡಿತು. ನೆಲಕ್ಕಾಗಲಿ ಕಟ್ಟಡಕ್ಕಾಗಲಿ ಒಂದು ಕಾಸನ್ನೂ ಕೊಡಲಿಲ್ಲ. ಹ್ಯಾಂಪ್ಟನ್ನಿನ ಮುಖ್ಯಸ್ಥರ ಶಿಫಾರಸಿನ ಮೇಲೆ ಅಲ್ಲಿಗೆ ಬಂದ ಇಪ್ಪತ್ತೈದು ವರ್ಷದ ವಾಷಿಂಗ್ಟನ್ನರು 1881ನೆಯ ಇಸವಿ ಜುಲೈ 4ರಂದು ಮೂವತ್ತು ವಿದ್ಯಾರ್ಥಿಗಳೊಡನೆ, ಕ್ರೈಸ್ತ ದೇವಾಲಯವೊಂದರ ಬಳಿಯ ಹಳೆಯ ಗುಡಿಸಲಿನಲ್ಲಿ ಪಾಠವನ್ನು ಪ್ರಾರಂಭಿಸಿದರು. ಮಳೆ ಬಂದರೆ ಮಾಡು ಸೋರುತ್ತಿದ್ದಿತು. ವಿದ್ಯಾರ್ಥಿಯೊಬ್ಬನು ಗುರುಗಳ ತಲೆಯ ಮೇಲೆ ಕೊಡೆ ಹಿಡಿದು ನಿಲ್ಲುತ್ತಿದ್ದನು.

ಊರ ಹೊರಗೆ 100 ಎಕರೆಗಳ ಒಂದು ಹಾಳು ತೋಟವು 500 ಡಾಲರಿಗೆ ದೊರೆಯುವಂತಿದ್ದಿತು. ವಾಷಿಂಗ್ಟನ್ನರು ಸ್ವಂತ ಹೊಣೆಯ ಮೇಲೆ 250 ಡಾಲರು ಸಾಲ ತಂದು ಅರ್ಧ ಹಣವನ್ನು ಕಟ್ಟಿದರು. ತೋಟದ ಕುದುರೆಲಾಯವೂ ಕೋಳಿಯ ಮನೆಯೂ ತರಗತಿಗಳಾದುವು. ಸಹೋಪಾಧ್ಯಾಯಿನಿಯಾದ ಒಲಿವಿಯಾ ಡೇವಿಡ್ಸನ್ನರು ಮನೆಮನೆಗೆ ಹೋಗಿ ಬಿಳಿಯರಿಂದಲೂ ಕರಿಯರಿಂದಲೂ ವಂತಿಗೆ ಎತ್ತಿದರು. ಎಪ್ಪತ್ತರ ಸಮೀಪದ ಬಡ ಮುದುಕಿಯೊಬ್ಬಳು ಕೋಲೂರಿಕೊಂಡು ಬಂದು, ತಾನು ಕೂಡಿಟ್ಟಿದ್ದ ಆರು ಕೋಳಿಮೊಟ್ಟೆಗಳನ್ನು ಹುಡುಗ ಹುಡುಗಿಯರ ವಿದ್ಯೆಗಾಗಿ ಒಪ್ಪಿಸಿ ಹೋದಳು. ಐದೇ ತಿಂಗಳಲ್ಲಿ ನೆಲದ ಸಾಲವೆಲ್ಲವೂ ತೀರಿತು.

ಆಮೇಲೆ ಕಟ್ಟಡದ ಕಾರ್ಯ. ಮೊದಲನೆಯ ಮರದ ಕಟ್ಟಡಕ್ಕೆ ವಿದ್ಯಾರ್ಥಿಗಳೇ ಪಾಯ ತೋಡಿದರು. ಮುಂದಿನ ಕಟ್ಟಡಗಳಿಗೆ ಇಟ್ಟಿಗೆ ಬೇಕಾಯಿತು. ಊರಿನಲ್ಲಿ ಇಟ್ಟಿಗೆ ಸುಡುವವರಿರಲಿಲ್ಲ. ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಮಣ್ಣು ಹದಮಾಡಿದರೂ ಮೊದಲನೆಯ ಗೂಡು ಕೆಟ್ಟಿತು, ಎರಡನೆಯದು ಕೆಟ್ಟಿತು, ಮೂರನೆಯದೂ ಕೆಟ್ಟಿತು. ವಾಷಿಂಗ್ಟನ್ನರು ತಮ್ಮ ಗಡಿಯಾರವನ್ನು 15 ಡಾಲರಿಗೆ ಗಿರವಿ ಇಟ್ಟು ನಾಲ್ಕನೆಯ ಗೂಡಿಗೆ ಬೆಂಕಿ ಹಾಕಿಸಿದರು. ಅದು ಫಲಿಸಿತು. ಗಡಿಯಾರವನ್ನು ಬಿಡಿಸಿಕೊಳ್ಳುವುದು ಮಾತ್ರ ಆಗಲಿಲ್ಲ. ಕರಿಯರ ವಿದ್ಯಾಭ್ಯಾಸವನ್ನು ಒಪ್ಪದಿದ್ದ ಬಿಳಿಯರು ಕೂಡ ಇಟ್ಟಿಗೆ ಕೊಳ್ಳಲು ಅದೇ ಬಾಗಿಲಿಗೆ ಬಂದರು. ಓದಿಸಲು ಕಳುಹಿಸಿದ ಮಕ್ಕಳಿಗೆ ಕೂಲಿಯ ಕೆಲಸವೇಕೆಂದು ತಂದೆತಾಯಿಗಳು ಆಕ್ಷೇಪಿಸಿದರೂ ಅವರು ನಿಯಮವನ್ನು ಸಡಿಲಿಸಲಿಲ್ಲ. ತಾನು ಇಟ್ಟ ಇಟ್ಟಿಗೆಯ ಗೋಡೆಯನ್ನು ವಿದ್ಯಾರ್ಥಿಯು ಕೆಡಿಸುವುದಿಲ್ಲವೆಂಬುದು ಅವರ ಅನುಭವವಾಗಿದ್ದಿತು. 1892ರಲ್ಲಿ ರಾಬರ್ಟ್ ಟೇಲರ್ ಎಂಬ ಕರಿಯ ಶಿಲ್ಪಿಯು ಉನ್ನತ ಶಿಕ್ಷಣವನ್ನು ಮುಗಿಸಿ ಟಸ್ಕೀಗೀಗೆ ಬಂದು ಕಟ್ಟಡಗಳ ನಕ್ಷೆ ಬರೆಯತೊಡಗಿದನು.

ಈ ಮಹನೀಯರ ಮೇಲೆ ಅಪವಾದವಿಲ್ಲದಿಲ್ಲ. 1895ರಲ್ಲಿ ಅಟ್ಲಾಂಟಾ ನಗರದಲ್ಲಿ ಮಾಡಿದ ಭಾಷಣದಲ್ಲಿ ಅವರು ರಾಜಕೀಯ ಹಕ್ಕುಗಳಿಗಿಂತ ದುಡಿಮೆಯ ಶಿಕ್ಷಣವನ್ನು ಮುಂದಿಟ್ಟರು. 1903ರಲ್ಲಿ ಡ್ಯುಬಾಯ್ಸ್ ಪಂಡಿತರು ಅದನ್ನು ಕಟುವಾಗಿ ಖಂಡಿಸಿದರು. ಹಕ್ಕನ್ನು ಮುಂದಕ್ಕೆ ಹಾಕಿದವನಿಗೆ ಅದು ತಾನಾಗಿ ಬರುವುದಿಲ್ಲವೆಂಬ ಡ್ಯುಬಾಯ್ಸರ ವಾದದ ಕಡೆಗೇ ನಮ್ಮ ಒಲವು. ಆದರೆ ಕರಿಯರ ಮತದಾನವನ್ನು ಕಿತ್ತುಕೊಂಡ ಅಲಬಾಮಾದ 1901ರ ಶಾಸನದ ವಿರುದ್ಧ ನಡೆದ ವ್ಯಾಜ್ಯಗಳಿಗೆ ವಾಷಿಂಗ್ಟನ್ನರೇ ಗುಪ್ತವಾಗಿ ಹಣ ಒದಗಿಸಿದರೆಂಬುದು ಅವರ ಮರಣಾನಂತರ ಬೆಳಕಿಗೆ ಬಂದಿತು. ಬಹಿರಂಗದಲ್ಲಿ ಸುಮ್ಮನಿದ್ದ ಮನುಷ್ಯನ ಅಂತರಂಗವನ್ನು ಅಳೆಯುವಾಗ ಇದನ್ನೂ ತೂಗಬೇಕು.

1912ರಲ್ಲಿ ಜೂಲಿಯಸ್ ರೋಸನ್ವಾಲ್ಡ್ ಎಂಬ ವರ್ತಕರು ಕೊಟ್ಟ ದಾನದ ಒಂದು ಪಾಲಿನಿಂದ ಅಲಬಾಮಾದಲ್ಲಿ ಆರು ಹಳ್ಳಿಯ ಶಾಲೆಗಳನ್ನು ಕಟ್ಟಿಸುವ ಏರ್ಪಾಡನ್ನು ವಾಷಿಂಗ್ಟನ್ನರು ಮಾಡಿದರು. ಗ್ರಾಮಸ್ಥರೂ ತಮ್ಮ ಪಾಲನ್ನು ಕೊಡಲೇಬೇಕೆಂಬುದು ಅದರ ನಿಬಂಧನೆ. ಮಕ್ಕಳ ಕಣ್ಣಿಗೆ ಬೆಳಕು ಸಾಕಾಗುವಂತೆ ಪೂರ್ವ ಪಶ್ಚಿಮಗಳಿಗೆ ಎತ್ತರವಾದ ಕಿಟಕಿಗಳ ಸಾಲನ್ನಿಟ್ಟ ನಕ್ಷೆಗಳು ಟಸ್ಕೀಗೀಯಲ್ಲಿಯೇ ಸಿದ್ಧವಾದುವು. 1915ನೆಯ ಇಸವಿ ನವೆಂಬರ್ 14ರಂದು ವಾಷಿಂಗ್ಟನ್ನರು ಕಾಲವಾದರು. ಆಗ ಟಸ್ಕೀಗೀಯಲ್ಲಿ ನೂರಕ್ಕೂ ಮಿಕ್ಕ ಕಟ್ಟಡಗಳೂ ಸುಮಾರು 1500 ವಿದ್ಯಾರ್ಥಿಗಳೂ ಇದ್ದರು. ಹಳ್ಳಿಯ ಶಾಲೆಗಳ ಕಾರ್ಯವು ನಿಲ್ಲದೆ, 1932ರ ವೇಳೆಗೆ ಹದಿನೈದು ಪ್ರಾಂತಗಳಲ್ಲಿ ಸುಮಾರು 5000 ಶಾಲೆಗಳಾದುವು. ಅವಕ್ಕಾಗಿ ಬಡ ಕರಿಯ ಜನರು ಕೂಡಿಸಿದ ಹಣವು ಆ ಧನಿಕರ ದಾನಕ್ಕಿಂತ ಹೆಚ್ಚಾಗಿದ್ದಿತು.

ಸರ್ಕಾರದ ಕರ್ತವ್ಯವನ್ನು ಜನರು ತಲೆಯ ಮೇಲೆ ಹೊತ್ತುಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಆ ಜನರು ತೆರಿಗೆಯನ್ನೂ ತೆತ್ತು ಮೇಲೆ ವಂತಿಗೆಯನ್ನೂ ತೆತ್ತರು. ಅದು ಅನ್ಯಾಯವೇ ಸರಿ. ಆದರೆ ನ್ಯಾಯವು ದೊರೆಯುವವರೆಗೆ ಮಕ್ಕಳನ್ನು ಅಕ್ಷರವಿಲ್ಲದೆ ಕೂರಿಸಲು ಅವರು ಒಪ್ಪಲಿಲ್ಲ. ಮುಂದಿನ ಸಭೆಯಲ್ಲಿ ವಂತಿಗೆಯ ಪಟ್ಟಿಯು ತಮ್ಮ ಮುಂದೆ ಬಂದಾಗ, ನಮ್ಮ ಮಹಾಜನರು ಆ ಮುದುಕಿಯ ಆರು ಮೊಟ್ಟೆಗಳನ್ನು ಸ್ಮರಿಸಿಕೊಂಡು ಲೇಖನಿಯನ್ನು ಎತ್ತಲೆಂದು ಹಾರೈಸುತ್ತೇವೆ.