ವಿಮಾನಶಿಲ್ಪಿ ಡಾ. ವಿ. ಎಂ. ಘಾಟಗೆ

ಕನ್ನಡ-ಮರಾಠಿಗಳು ಬೆರೆತ ಗಡಹಿಂಗ್ಲಜ ಸೀಮೆಯ ಹಸೂರಚಂಪು ಗ್ರಾಮದಲ್ಲಿ 1908ರಲ್ಲಿ ಜನಿಸಿದ ವಿಷ್ಣು ಮಾಧವ ಘಾಟಗೆಯವರು, ಜರ್ಮನಿಯ ಗಾಟಿಂಗೆನ್ನಿನಲ್ಲಿ ಆಚಾರ್ಯ ಪ್ರಾಂಟ್ಲರ ಶಿಷ್ಯರಾಗಿ ವಾಯುಗತಿಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ವಾಲಚಂದ್ ಹೀರಾಚಂದರು 1940ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ವಿಮಾನ ಕಾರ್ಖಾನೆಯನ್ನು ಸೇರಿದರು. ಆಗ ಅಲ್ಲಿ ನಡೆಯುತ್ತಿದ್ದುದು ಬಹುಮಟ್ಟಿಗೆ ಪರದೇಶದ ವಿಮಾನಗಳ ಜೋಡಣೆ ಮತ್ತು ದುರಸ್ತಿ.

ಸ್ವತಂತ್ರ ಭಾರತಕ್ಕಾಗಿ ಶ್ರೀಯುತರು ಮೊದಲು ರಚಿಸಿದ್ದು ಶಿಕ್ಷಣ ವಿಮಾನವನ್ನು. ಇದೇನು ಕಿರಿದಾದ ಕಾರ್ಯವಲ್ಲ. ಶಿಷ್ಯನ ಪ್ರಮಾದವು ಅವನ ಪ್ರಾಣಕ್ಕೇ ಎರವಾಗದಂತೆ ಯಂತ್ರವು ಅದನ್ನು ಸಹಿಸಿಕೊಳ್ಳಬೇಕು. ಅವರ ಎಚ್.ಟಿ.-2 ವಿಮಾನವು 1951ರ ಆಗಸ್ಟ್ ತಿಂಗಳಲ್ಲಿ ಹಾರಿತು. ಮುಂದೆ ವಾಯುಪಡೆಯ ಅಸಂಖ್ಯ ತರುಣರು ಹಾರಾಟದ ಓನಾಮವನ್ನು ಅದರಲ್ಲಿಯೇ ಕಲಿತರು. ಆಫ್ರಿಕದ ಘಾನಾ ದೇಶವೂ ಅದನ್ನು ಕೊಂಡಿತು.

1958ರಲ್ಲಿ ಹಾರಾಟದ ಕ್ಲಬ್ಬುಗಳಿಗಾಗಿ 'ಪುಷ್ಪಕ' ಸಿದ್ಧವಾಯಿತು. ಅದರ ರೆಕ್ಕೆಗಳಿಗೆ ಹೊದಿಸಿದ್ದು ಬಟ್ಟೆಯನ್ನು! ದುರ್ಗದಬೈಲಿನ ಜವಳಿ ವರ್ತಕರಿಗೂ ಇದು ಸೋಜಿಗವೆನಿಸೀತು.

1964ರಲ್ಲಿ ಜೆಟ್ ವಿಮಾನ 'ಕಿರಣ' ಹಾರಿತು. ಎಚ್.ಟಿ.-2ರಲ್ಲಿ ಆಸನಗಳು ಒಂದರ ಹಿಂದೊಂದಿದ್ದವು. 'ಕಿರಣ'ದಲ್ಲಿ ಗುರುಶಿಷ್ಯರು ಪಕ್ಕಪಕ್ಕದಲ್ಲಿ ಕುಳಿತರು. ಶಿಷ್ಯನ ಕೈ ತಡವರಿಸಿದ್ದು ಗುರುವಿಗೆ ಒಡನೆಯೇ ಕಾಣುವಂತಾಯಿತು. ಮರುವರ್ಷ ಪದ್ಮಶ್ರೀ ಪ್ರಶಸ್ತಿಗೆ ಭಾಜನರಾದ ಘಾಟಗೆಯವರು 1991ರಲ್ಲಿ ಕಾಲವಶರಾದರು. ಅವರ 'ಕಿರಣ'ವು ಆಮೇಲೂ ಬಹುಕಾಲ ವಿದ್ಯಾರ್ಥಿಗಳನ್ನು ಹೊತ್ತು ಹಾರಿತು.