ಮಾರುಕಟ್ಟೆಯ ಲೆಕ್ಕ ಮೀರಿದ ಹಾಡು

ಜನರಿಗೆ ಬೇಕಾದದ್ದನ್ನೇ ಕೊಡುತ್ತಿದ್ದೇವೆ ಎಂಬುದು ಮನರಂಜನಾ ಉದ್ಯಮದ ಹಳೆಯ ಸಮಜಾಯಿಷಿ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ನೆನಪಾಗುವುದು ಫ್ರೆಡ್ಡಿ ಮರ್ಕ್ಯುರಿಯ ಬದುಕು. ಅದರಲ್ಲೂ 1975ನೇ ಇಸವಿ.

ಆತನ ಮೊದಲ ಹೆಸರು ಫಾರೋಖ್ ಬಲ್ಸಾರಾ. ಹುಟ್ಟಿದ್ದು 1946ರ ಸೆಪ್ಟೆಂಬರ್ 5ರಂದು, ಜಾಂಜಿಬಾರ್ ದ್ವೀಪದಲ್ಲಿ ನೆಲೆಸಿದ್ದ ಪಾರ್ಸಿ ಕುಟುಂಬದಲ್ಲಿ. ತಂದೆ ಬ್ರಿಟಿಷ್ ಆಡಳಿತದ ನೌಕರ. ಬಾಲಕನನ್ನು ಓದಿಗೆಂದು ಪಶ್ಚಿಮಘಟ್ಟದ ಪಂಚಗಣಿಯ ವಸತಿಶಾಲೆಗೆ ಕಳುಹಿಸಲಾಯಿತು. ಆತ ಪಿಯಾನೊ ಅಭ್ಯಾಸ ಮಾಡಿದ್ದು, ಗೆಳೆಯರೊಡನೆ ಮೊದಲ ವಾದ್ಯವೃಂದ ಕಟ್ಟಿದ್ದು ಅಲ್ಲಿಯೇ. 1964ರ ಜಾಂಜಿಬಾರ್ ಕ್ರಾಂತಿಯ ಬಳಿಕ ಕುಟುಂಬ ಇಂಗ್ಲೆಂಡಿಗೆ ವಲಸೆ ಹೋಯಿತು. ಲಂಡನ್ನಿನಲ್ಲಿ ಗ್ರಾಫಿಕ್ ವಿನ್ಯಾಸ ಓದಿದ ತರುಣ 1970ರಲ್ಲಿ ಬ್ರಯಾನ್ ಮೇ, ರೋಜರ್ ಟೇಲರ್ ಅವರೊಡನೆ 'ಕ್ವೀನ್' ತಂಡ ಕಟ್ಟಿದ. ಮರುವರ್ಷ ಜಾನ್ ಡೀಕನ್ ಬಂದು ಸೇರಿದರು.

1975ರ ಹೊತ್ತಿಗೆ ತಂಡದ ಮೂರು ಆಲ್ಬಂಗಳು ಹೊರಬಂದಿದ್ದವು, ಹಾಡುಗಳು ಜನಪ್ರಿಯವಾಗಿದ್ದವು. ಆದರೆ ಕೈಯಲ್ಲಿ ಕಾಸಿರಲಿಲ್ಲ, ತಲೆಯ ಮೇಲೆ ಸಾಲವಿತ್ತು. ಇಂಥ ಹೊತ್ತಿನಲ್ಲಿ ಯಾರಾದರೂ ಅಗ್ಗದ, ಸುರಕ್ಷಿತ ದಾರಿ ಹಿಡಿಯುತ್ತಿದ್ದರು. ಈ ನಾಲ್ವರು ಮಾಡಿದ್ದು ತದ್ವಿರುದ್ಧ. 'ಎ ನೈಟ್ ಅಟ್ ದಿ ಒಪೆರಾ' ಆ ಕಾಲದ ಅತಿ ದುಬಾರಿ ಆಲ್ಬಂಗಳಲ್ಲೊಂದು. ಫ್ರೆಡ್ಡಿ ಬರೆದ 'ಬೊಹೀಮಿಯನ್ ರಾಪ್ಸಡಿ'ಯ ಒಪೆರಾ ಭಾಗದ ಧ್ವನಿಮುದ್ರಣಕ್ಕೇ ಸುಮಾರು ಮೂರು ವಾರ ಹಿಡಿಯಿತು. ಮೂವರ ಕಂಠಗಳನ್ನು ಪದರದ ಮೇಲೆ ಪದರವಾಗಿ ಮುದ್ರಿಸಿ ದೊಡ್ಡ ಮೇಳದ ಭ್ರಮೆ ಹುಟ್ಟಿಸಲಾಯಿತು.

ಸುಮಾರು ಆರು ನಿಮಿಷದ ಈ ಹಾಡಿಗೆ ಪಲ್ಲವಿಯೇ ಇಲ್ಲ. ರೇಡಿಯೊಗೆ ಬೇಕಿದ್ದದ್ದು ಮೂರು ನಿಮಿಷದ ಹಾಡುಗಳು. ಕತ್ತರಿಸಿ ಎಂಬ ಒತ್ತಡಕ್ಕೆ ತಂಡ ಮಣಿಯಲಿಲ್ಲ. ಕ್ಯಾಪಿಟಲ್ ರೇಡಿಯೊದ ಕೆನ್ನಿ ಎವರೆಟ್ ಅದನ್ನು ಮತ್ತೆ ಮತ್ತೆ ಪ್ರಸಾರ ಮಾಡಿದ್ದೇ ತಡ, ಕೇಳುಗರು ಮುಗಿಬಿದ್ದರು. ಹಾಡು ಬ್ರಿಟನ್ನಿನಲ್ಲಿ ಒಂಬತ್ತು ವಾರ ಅಗ್ರಸ್ಥಾನದಲ್ಲಿ ನಿಂತಿತು. ನವೆಂಬರಿನಲ್ಲಿ ಬಿಡುಗಡೆಯಾದ ಆಲ್ಬಂ ಅಲ್ಲಿ ತಂಡಕ್ಕೆ ಮೊದಲ ಸಲ ಪ್ರಥಮ ಸ್ಥಾನ ತಂದಿತು. ಅಮೆರಿಕದಲ್ಲಿ ಮೊದಲ ಪ್ಲಾಟಿನಂ ಮನ್ನಣೆಯೂ ದೊರೆಯಿತು.

ಧೈರ್ಯ ಮಾಡಿದವರೆಲ್ಲ ಗೆಲ್ಲುತ್ತಾರೆಂದು ನಾನು ಹೇಳುತ್ತಿಲ್ಲ. ಈ ಆಲ್ಬಂ ಸೋತಿದ್ದರೆ ತಂಡವೇ ಉಳಿಯುತ್ತಿತ್ತೋ ಇಲ್ಲವೋ. ಆದರೆ ಜನರ ಅಭಿರುಚಿಯ ಗಡಿಯನ್ನು ಕೇಳುಗರಿಗಿಂತ ಮೊದಲೇ ಗೆರೆ ಎಳೆದು ನಿಗದಿಪಡಿಸುವವರು ವ್ಯಾಪಾರಿಗಳು ಎಂಬುದನ್ನಂತೂ ಅದು ಬಯಲು ಮಾಡಿತು. ಕೇಳುಗನನ್ನು ದಡ್ಡನೆಂದು ಭಾವಿಸದಿರುವುದೇ ಕಲಾವಿದ ಅವನಿಗೆ ಸಲ್ಲಿಸಬಹುದಾದ ಗೌರವ.

ಫ್ರೆಡ್ಡಿ ತನಗೆ ಏಡ್ಸ್ ಇದೆಯೆಂದು 1991ರ ನವೆಂಬರ್ 23ರಂದು ಹೇಳಿಕೆ ನೀಡಿದ, ಮರುದಿನವೇ ತೀರಿಕೊಂಡ. ಆಗಿನ್ನೂ 45 ವರ್ಷ. ಆ ಡಿಸೆಂಬರಿನಲ್ಲಿ ಮರುಬಿಡುಗಡೆಯಾದ ಅದೇ ಹಾಡು ಬ್ರಿಟನ್ನಿನಲ್ಲಿ ಮತ್ತೆ ಮೊದಲ ಸ್ಥಾನಕ್ಕೇರಿತು. ಈ ಬಾರಿಯ ಗಳಿಕೆ ಏಡ್ಸ್ ಪೀಡಿತರ ನೆರವಿಗೆ ದುಡಿಯುವ ಟೆರೆನ್ಸ್ ಹಿಗಿನ್ಸ್ ಟ್ರಸ್ಟಿಗೆ ಸಂದಿತು. ಮಾರುಕಟ್ಟೆಗೆ ಒಗ್ಗದೆಂದು ಹಿಂಜರಿದವರ ಲೆಕ್ಕದ ಪುಸ್ತಕದಲ್ಲಿ ಇಂಥ ಲಾಭಕ್ಕೆ ಅಂಕಣವೇ ಇರಲಿಲ್ಲ.